ಈಸ್ಟ್‌ಗೇಟ್‌ನ ಬಚ್ಚಲುಮನೆಯಲ್ಲಿ ಕಲಿತ ಪಾಠ

ಇಪ್ಪತ್ತಾರು ವರ್ಷ ದುಬೈ, ಶಾರ್ಜಾಗಳಲ್ಲಿ ದುಡಿದು ಊರಿಗೆ ಮರಳಿದ ನಾವಿಬ್ಬರು ಕಳೆದ ಚಳಿಗಾಲ ಐದು ತಿಂಗಳು ಅಮೆರಿಕದಲ್ಲಿದ್ದೆವು. ಮಗಳು, ಅಳಿಯ ಇರುವುದು ಸಿಯಾಟಲ್ ಪಕ್ಕದ ಬೆಲ್‌ವ್ಯೂ ನಗರದ ಈಸ್ಟ್‌ಗೇಟ್ ಎಂಬಲ್ಲಿ. ಸಂಘದ ಹಳೆಯ ಗೆಳೆಯರು "ವಾರ್ಷಿಕ ಸಂಚಿಕೆಗೆ ಪ್ರವಾಸದ ಲೇಖನ ಕೊಡಿ" ಎಂದು ಕೇಳಿದರು. ಸ್ಪೇಸ್ ನೀಡಲ್ ಬಗ್ಗೆ, ಹಿಮ ಹೊದ್ದ ಪರ್ವತಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾವು ಬರೆಯಹೊರಟಿರುವುದು ಮಗಳ ಮನೆಯ ಬಚ್ಚಲುಮನೆಯ ಬಗ್ಗೆ. ನಗಬೇಡಿ. ಎಂಟು ಜನಕ್ಕೆ ಒಂದೇ ಬಾತ್‌ರೂಮ್ ಇರುವ ಕೋಣೆಯಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಸರದಿ ನಿಂತವರಿಗೆ ಈ ಲೇಖನ ಉಪಯೋಗಕ್ಕೆ ಬಂದೀತು ಎಂಬ ನಂಬಿಕೆ ನಮಗಿದೆ.

ಈಸ್ಟ್‌ಗೇಟ್ ಎಂದರೆ ಐ-90 ಹೆದ್ದಾರಿಯ ಬದಿಯ ಬಡಾವಣೆ. ಹತ್ತಿರದಲ್ಲೇ ಬೆಲ್‌ವ್ಯೂ ಕಾಲೇಜು. ಮನೆಗಳಲ್ಲಿ ಹೆಚ್ಚಿನವು 1950, 60ರ ದಶಕದಲ್ಲಿ ಕಟ್ಟಿದ ಮರದ ಮನೆಗಳು. ಈ ಪ್ರದೇಶದ ಒಂದಷ್ಟು ಭಾಗ ನಗರದ ಆಡಳಿತಕ್ಕೆ ಸೇರಿದ್ದೇ 2012ರಲ್ಲಿ. ಎತ್ತ ನೋಡಿದರೂ ಡಗ್ಲಾಸ್ ಫರ್ ಮರಗಳು, ಛಾವಣಿಗಳ ಮೇಲೆ ಹಸಿರು ಪಾಚಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮೋಡ, ತುಂತುರು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಈ ಭಾಗದ ಕನ್ನಡಿಗರ ಸಂಘದ ಹೆಸರು 'ಸಹ್ಯಾದ್ರಿ' ಎಂದು ಕೇಳಿದಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬರ ಊರು ಉಡುಪಿಯ ಹತ್ತಿರ, ಇನ್ನೊಬ್ಬರದು ತೀರ್ಥಹಳ್ಳಿ ಕಡೆ. ಮಳೆ ನಮಗೆ ಹೊಸದಲ್ಲ. ಆದರೆ ಲೆಕ್ಕ ನೋಡಿದರೆ ಸಿಯಾಟಲ್ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರ್, ಉಡುಪಿಯ ಮಳೆಯ ಕಾಲು ಭಾಗ. ಅಷ್ಟು ಮಳೆಯ ನಮ್ಮೂರಿನ ಬಚ್ಚಲಲ್ಲಿ ಕಾಣದಷ್ಟು ಬೂಷ್ಟು ಇಲ್ಲೇಕೆ?

ತಡೆದ ಕೈ

ಹೋದ ಮೂರನೇ ದಿನವೇ ನಾವು ಗಮನಿಸಿದ್ದೆವು. ಸ್ನಾನದ ತೊಟ್ಟಿಯ ಸುತ್ತಲಿನ ಟೈಲ್ಸ್ ಸಂದುಗಳೆಲ್ಲ ಕಪ್ಪು. ಶವರ್ ಪರದೆಯ ಅಂಚಿನಲ್ಲಿ ಗುಲಾಬಿ ಬಣ್ಣದ ಲೋಳೆ. ಮೂಲೆಯಲ್ಲಿ, ಸೀಲಿಂಗ್ ಮೇಲೆ, ಮಸಿ ಸಿಡಿಸಿದ ಹಾಗೆ ಚುಕ್ಕೆಗಳು. ಬಾಗಿಲು ತೆಗೆದರೆ ಹಳೆಯ ಗೋಣಿಚೀಲದ ವಾಸನೆ. ನಾಲ್ಕು ವರ್ಷದ ಮೊಮ್ಮಗನಿಗೆ ರಾತ್ರಿ ಹೊತ್ತು ಕೆಮ್ಮು, ಆಗಾಗ ಉಬ್ಬಸ. ಮಗುವಿನ ಡಾಕ್ಟರ್ ಔಷಧಿಯ ಜೊತೆಗೆ "ಮನೆಯಲ್ಲಿ ಎಲ್ಲಾದರೂ ಬೂಷ್ಟು ಇದೆಯಾ ನೋಡಿ" ಎಂದಿದ್ದರಂತೆ. ಅಲರ್ಜಿ, ಉಬ್ಬಸ ಇರುವವರಿಗೆ ಬೂಷ್ಟಿನ ಕಣಗಳು ತೊಂದರೆ ಹೆಚ್ಚಿಸುತ್ತವೆ ಎಂಬುದು ಗೊತ್ತಿರುವ ವಿಷಯ.

ಮಗಳು ಕೆಲಸಕ್ಕೆ ಹೋಗುವ ಮೊದಲೇ ಮುಗಿಸಿಬಿಡೋಣ ಎಂದುಕೊಂಡು ಒಂದು ಬೆಳಿಗ್ಗೆ ಬಿಳಿ ವಿನೆಗರ್ ಬಾಟಲಿ ಹಿಡಿದು ಬಚ್ಚಲಿಗೆ ಹೊರಟೆವು. ಹಿಂದಿನಿಂದ ಮಗಳು ಕೂಗಿದಳು: "ಅಮ್ಮಾ, ನಿಲ್ಲು! ನಿನ್ನೆ ರಾತ್ರಿ ಬ್ಲೀಚ್ ಹಾಕಿ ಹಾಗೇ ಬಿಟ್ಟಿದ್ದೇನೆ, ಇನ್ನೂ ತೊಳೆದಿಲ್ಲ."

ನಮ್ಮ ಕೈ ಅಲ್ಲೇ ನಿಂತಿತು. ಇಬ್ಬರಿಗೂ ಒಟ್ಟಿಗೆ ನೆನಪಾದದ್ದು 1993ರ ದೇರಾ. ಮದುವೆಗೆ ಮುಂಚಿನ ಬ್ಯಾಚುಲರ್ ಕೋಣೆಯ ಆ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇವೋ ಏನೋ, ಅದೀಗ ಇಬ್ಬರ ನೆನಪೂ ಆಗಿಬಿಟ್ಟಿದೆ. ಎಂಟು ಜನರ ಬೆಡ್‌ಸ್ಪೇಸ್, ಕಿಟಕಿ ಇಲ್ಲದ ಒಂದೇ ಬಾತ್‌ರೂಮ್. ಒಂದು ಶುಕ್ರವಾರ ಶುಚಿ ಮಾಡುವ ಸರದಿ ಬಂಟ್ವಾಳ ಕಡೆಯ ಒಬ್ಬ ಹುಡುಗನದು. ಕಪ್ಪು ಸಂದುಗಳಿಗೆ ಕ್ಲೋರಾಕ್ಸ್ ಸುರಿದ. ಅದು ಸಾಲದೆಂದು ಅದರ ಮೇಲೆಯೇ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದ. ವಾಸನೆ ಬೇರೆಯವರಿಗೆ ಬರಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಬಾಗಿಲು ಹಾಕಿಕೊಂಡ. ಎರಡು ನಿಮಿಷದಲ್ಲಿ ಕಣ್ಣು, ಮೂಗು ಸುರಿಸುತ್ತಾ, ಉಸಿರು ಸಿಗದೆ ಹೊರಗೆ ಬಿದ್ದ. ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ ಮಲಗಿಸಬೇಕಾಯಿತು. ಬದುಕಿದ. ಒಳಗೆ ಇನ್ನು ಸ್ವಲ್ಪ ಹೊತ್ತು ಇದ್ದಿದ್ದರೆ ಏನಾಗುತ್ತಿತ್ತೋ.

ಅಲ್ಲಿ ಆದದ್ದಿಷ್ಟು. ಕ್ಲೋರಾಕ್ಸ್‌ನಂತಹ ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಯಾವುದೇ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಹೊರಬರುತ್ತದೆ. ಟಾಯ್ಲೆಟ್ ಕ್ಲೀನರ್ ಆಮ್ಲವೇ. ವಿನೆಗರ್ ಆಮ್ಲವೇ. ನಿಂಬೆರಸವೂ, ಹುಣಸೆರಸವೂ ಆಮ್ಲವೇ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಬ್ಲೀಚ್‌ಗೆ ಸೇರಿದರೆ ಇನ್ನೊಂದು ವಿಷಾನಿಲ. "ನೈಸರ್ಗಿಕ ವಸ್ತು, ಏನೂ ಆಗುವುದಿಲ್ಲ" ಎಂದು ನಂಬಿ ಹಿಂದಿನ ದಿನದ ಬ್ಲೀಚ್ ಮೇಲೆ ವಿನೆಗರ್ ಚಿಮುಕಿಸಲು ಹೊರಟಿದ್ದ ನಾವು ಆ ಹುಡುಗ ಮಾಡಿದ ತಪ್ಪನ್ನೇ ಮೂವತ್ತು ವರ್ಷಗಳ ನಂತರ ಮಾಡುವುದರಲ್ಲಿದ್ದೆವು. ಆದ್ದರಿಂದ ಈ ಲೇಖನದಲ್ಲಿ ಇನ್ನೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ: ಬ್ಲೀಚ್ ಜೊತೆ ಬೇರೆ ಏನನ್ನೂ ಬೆರೆಸಬಾರದು. ಬ್ಲೀಚ್ ಬಳಸಿದ್ದರೆ ನೀರು ಹೊಯ್ದು ಚೆನ್ನಾಗಿ ತೊಳೆದು, ಗಾಳಿಯಾಡಲು ಬಿಟ್ಟು, ಇನ್ನೊಂದು ವಸ್ತುವನ್ನು ಮರುದಿನ ಬಳಸಿ. ಅಕಸ್ಮಾತ್ ಕಟುವಾಸನೆ ಬಂದು ಕಣ್ಣು ಉರಿದರೆ ತೊಳೆಯುತ್ತಾ ನಿಲ್ಲಬೇಡಿ. ಹೊರಗೆ ಬಂದು ಬಾಗಿಲು, ಕಿಟಕಿ ತೆರೆಯಿರಿ. ಕೆಮ್ಮು ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಅಂದು ನಾವು ಬಚ್ಚಲನ್ನು ಬರೀ ನೀರಿನಿಂದ ಮೂರು ಸಲ ತೊಳೆದು ಸುಮ್ಮನಾದೆವು.

ಅಜ್ಜಿಯ ಬಚ್ಚಲು ಏಕೆ ಒಣಗಿರುತ್ತಿತ್ತು?

ಆ ದಿನವಿಡೀ ನಮ್ಮ ಮಾತೆಲ್ಲ ಊರಿನ ಬಚ್ಚಲಿನ ಬಗ್ಗೆಯೇ. ತೀರ್ಥಹಳ್ಳಿ ಕಡೆಯ ಆ ಹಳೆಯ ಮನೆಯ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ. ಅದರ ಕೆಳಗೆ ಬೆಳಗಿನ ಜಾವದಿಂದ ಒಲೆ. ಸೌದೆ, ಅಡಿಕೆಸಿಪ್ಪೆ, ಒಣ ಸೋಗೆ ಏನಾದರೊಂದು ಉರಿಯುತ್ತಲೇ ಇರುತ್ತಿತ್ತು. ಮಾಡು ಹಂಚಿನದು, ಹೊಗೆ ಸಂದುಗಳಿಂದ ಹೊರಗೆ. ಆಷಾಢದ ಮಳೆಯಲ್ಲಿ ಒಣಗದ ಬಟ್ಟೆಯನ್ನು ತಂದು ಹಾಕುತ್ತಿದ್ದುದೂ ಅಲ್ಲಿಗೇ, ಏಕೆಂದರೆ ಇಡೀ ಮನೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಬಳ್ಳಿ ಕಟ್ಟಿ ಪೂಜೆ ಮಾಡುತ್ತಿದ್ದರು.

ಅಜ್ಜಿಗೆ ಶಿಲೀಂಧ್ರ ಎಂಬ ಪದ ಗೊತ್ತಿರಲಿಲ್ಲ. ಆದರೆ ಅದಕ್ಕೆ ಬೇಡವಾದ ಮೂರನ್ನೂ ಅವರು ಬಚ್ಚಲಲ್ಲಿ ಇಟ್ಟಿದ್ದರು: ತೇವ ಒಣಗಿಸುವ ಬೆಂಕಿ, ತೇವವನ್ನು ಹೊರಗೆ ಒಯ್ಯುವ ಗಾಳಿ, ಕ್ಷಾರಗುಣದ ಸುಣ್ಣ. ಬೂಷ್ಟಿನ ಬೀಜಕಣಗಳು ಎಲ್ಲ ಊರಿನ ಗಾಳಿಯಲ್ಲೂ ಇರುತ್ತವೆ. ಅವನ್ನು ತಡೆಯಲು ಯಾರಿಂದಲೂ ಆಗದು. ಅವು ಬೇರೂರಲು ಬೇಕಾದದ್ದು ತೇವ, ತಿನ್ನಲು ಸ್ವಲ್ಪ ಸೋಪಿನ ಜಿಡ್ಡು, ಧೂಳು, ಮೈಯ ಕೊಳೆ. ಒದ್ದೆಯಾದದ್ದು ಒಂದೆರಡು ದಿನದಲ್ಲಿ ಒಣಗಿದರೆ ಬೂಷ್ಟು ಹಿಡಿಯುವುದಿಲ್ಲ. ಮನೆಯೊಳಗಿನ ಗಾಳಿಯ ತೇವಾಂಶ ಶೇಕಡಾ 60ರ ಒಳಗಿರಲಿ, 30ರಿಂದ 50 ಇದ್ದರೆ ಒಳ್ಳೆಯದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಮಗಳು ಒಂದು ಚಿಕ್ಕ ತೇವಾಂಶ ಮಾಪಕ ತಂದಳು. ಸ್ನಾನ ಮುಗಿದು ಒಂದು ಗಂಟೆಯಾದರೂ ಅದು 82 ತೋರಿಸುತ್ತಿತ್ತು. ಫ್ಯಾನ್ ಓಡುತ್ತಿದ್ದರೂ ಹಾಗೆ. ಆ ಸುಳಿವನ್ನು ನಾವು ಆಗಲೇ ಹಿಡಿಯಬೇಕಿತ್ತು.

ನಾವು ತೊಳೆದ ಬಗೆ

ಎರಡು ದಿನ ಬಿಟ್ಟು ಕೆಲಸಕ್ಕೆ ಇಳಿದೆವು. ಮೊಮ್ಮಗನನ್ನು ಪಾರ್ಕಿಗೆ ಕಳಿಸಿದೆವು. ಕೈಗೆ ಗವಸು, ಮೂಗಿಗೆ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ. ಒಣ ಬೂಷ್ಟನ್ನು ಉಜ್ಜಿದರೆ ಕಣಗಳು ಗಾಳಿಗೆ ಹಾರುತ್ತವೆ, ಆದ್ದರಿಂದ ಮೊದಲು ಒದ್ದೆ ಮಾಡಿಕೊಳ್ಳಬೇಕು.

ಮೊದಲು ವಿನೆಗರ್. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಸುಮಾರು ಶೇಕಡಾ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ನೀರು ಬೆರೆಸದೆ ಸ್ಪ್ರೇ ಬಾಟಲಿಗೆ ತುಂಬಿ ಟೈಲ್ಸ್ ಮೇಲೆ ಚೆನ್ನಾಗಿ ಚಿಮುಕಿಸಿ, ಒಂದು ಗಂಟೆ ಬಿಟ್ಟೆವು. ಬಳಿಕ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಸಂದುಗಳನ್ನು ತಿಕ್ಕಿ, ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿದೆವು. ಮುಕ್ಕಾಲು ಪಾಲು ಹೋಯಿತು. ಅಮೃತಶಿಲೆ, ಗ್ರಾನೈಟ್‌ನಂತಹ ಕಲ್ಲಿನ ಮೇಲೆ ಮಾತ್ರ ವಿನೆಗರ್ ಬೇಡ, ಹೊಳಪು ಹೋಗಿ ಕಲೆ ಉಳಿಯುತ್ತದೆ. ಗಲ್ಫ್‌ನ ಹಲವು ಕಟ್ಟಡಗಳಲ್ಲಿ ವಾಷ್‌ಬೇಸಿನ್ ಕಟ್ಟೆ ಅಮೃತಶಿಲೆಯದೇ ಇರುತ್ತದೆ, ನೋಡಿಕೊಳ್ಳಿ.

ಉಳಿದ ಸಂದುಗಳಿಗೆ ಅಡುಗೆ ಸೋಡಾ. ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಹಾಕಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಸಂದಿಗೆ ಮೆತ್ತಿ, ಹದಿನೈದು ನಿಮಿಷ ಬಿಟ್ಟು ತಿಕ್ಕಬೇಕು. ಸೋಡಾ ಮೃದುವಾಗಿ ಉಜ್ಜುತ್ತದೆ, ವಾಸನೆ ಎಳೆದುಕೊಳ್ಳುತ್ತದೆ. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ಬುರುಬುರು ನೊರೆ ಬರುವುದನ್ನು ನೋಡಿ ಖುಷಿಪಡುವವರಿದ್ದಾರೆ. ನಾವೂ ಹಾಗೆ ಮಾಡಿದವರೇ. ನಿಜ ಹೇಳಬೇಕೆಂದರೆ ಆ ನೊರೆಯಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಉಪ್ಪಿನಂತಹ ನೀರು. ಒಂದಾದ ಮೇಲೆ ಒಂದು, ನಡುವೆ ತೊಳೆದು ಬಳಸಿದರೆ ಎರಡರ ಪ್ರಯೋಜನವೂ ಸಿಗುತ್ತದೆ.

ಹಠ ಹಿಡಿದ ಕಲೆಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್, ಔಷಧಿ ಅಂಗಡಿಯಲ್ಲಿ ಕಂದು ಬಾಟಲಿಯಲ್ಲಿ ಸಿಗುವುದು. ಚಿಮುಕಿಸಿ ಹತ್ತು ನಿಮಿಷ ಬಿಟ್ಟು ತಿಕ್ಕಿ ತೊಳೆದರೆ ಆಯಿತು. ಬಣ್ಣ ಬಿಡಿಸುವ ಗುಣ ಇರುವುದರಿಂದ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಇದನ್ನು ವಿನೆಗರ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಬಾರದು, ಕಣ್ಣು ಮತ್ತು ಶ್ವಾಸಕ್ಕೆ ಉರಿ ತರುವ ಇನ್ನೊಂದು ಆಮ್ಲ ಹುಟ್ಟುತ್ತದೆ.

ಶವರ್ ಪರದೆಯನ್ನು ಅಡುಗೆ ಸೋಡಾ ಹಾಕಿ ವಾಷಿಂಗ್ ಮೆಷಿನ್‌ನಲ್ಲಿ ಒಗೆದು ಒಣಗಿಸಿದೆವು. ಒಂದು ಕಡೆ ಮಾತ್ರ ಸೋತೆವು. ತೊಟ್ಟಿ ಮತ್ತು ಗೋಡೆ ಸೇರುವಲ್ಲಿ ಹಾಕಿದ್ದ ಸಿಲಿಕಾನ್ ಪಟ್ಟಿಯ ಒಳಕ್ಕೇ ಕಪ್ಪು ಇಳಿದಿತ್ತು. ಯಾವ ವಸ್ತುವೂ ಅಲ್ಲಿಗೆ ತಲುಪುವುದಿಲ್ಲ. ಅಳಿಯ ಅದನ್ನು ಬ್ಲೇಡಿನಿಂದ ಕೆರೆದು ತೆಗೆದು, ಎರಡು ದಿನ ಒಣಗಲು ಬಿಟ್ಟು, ಹೊಸ ಪಟ್ಟಿ ಹಾಕಿದ.

ವಿನೆಗರ್ ಎಲ್ಲ ಜಾತಿಯ ಬೂಷ್ಟನ್ನೂ ಕೊಲ್ಲುವುದಿಲ್ಲ. ಕೆಲವಕ್ಕೆ ನಾಟುತ್ತದೆ, ಕೆಲವಕ್ಕೆ ಇಲ್ಲ. ಬಣ್ಣ ನೋಡಿ ಜಾತಿ ಹೇಳಲೂ ಆಗದು. ಕಪ್ಪಾಗಿದ್ದ ಮಾತ್ರಕ್ಕೆ ಮಾರಕ ಎಂದು ಹೆದರಬೇಕಿಲ್ಲ. ಟೈಲ್ಸ್‌ನಂತಹ ಗಟ್ಟಿ ಮೇಲ್ಮೈಯಲ್ಲಿ ನಿಜವಾಗಿ ಕೆಲಸ ಮಾಡುವುದು ತಿಕ್ಕುವ ಕೈ, ತೊಳೆಯುವ ನೀರು, ಒಣಗಿಸುವ ಬಟ್ಟೆ. ಸುಮಾರು ಹತ್ತು ಚದರ ಅಡಿಗಿಂತ ಕಡಿಮೆ ಜಾಗವಾದರೆ ಮನೆಯವರೇ ಶುಚಿ ಮಾಡಿಕೊಳ್ಳಬಹುದು. ಅದಕ್ಕೂ ಮೀರಿ ಹರಡಿದ್ದರೆ, ಅಥವಾ ಗೋಡೆಯೊಳಗಿಂದ ನೀರು ಜಿನುಗುತ್ತಿದ್ದರೆ, ಕಸುಬು ಬಲ್ಲವರನ್ನು ಕರೆಯಬೇಕು.

ಮತ್ತೆ ಬಂದ ಚುಕ್ಕೆಗಳು

ಮೂರು ವಾರ ಬಚ್ಚಲು ಹಂಡೆಯಂತೆ ಹೊಳೆಯಿತು. ನಾಲ್ಕನೆಯ ವಾರ ಸೀಲಿಂಗ್ ಮೂಲೆಯಲ್ಲಿ ಮತ್ತೆ ನಾಲ್ಕು ಚುಕ್ಕೆ. ಆಗ ನಮಗೆ ಮಾಪಕದ 82 ನೆನಪಾಯಿತು.

ಅಳಿಯ ಒಂದು ಟಿಶ್ಯೂ ಕಾಗದವನ್ನು ಓಡುತ್ತಿದ್ದ ಎಕ್ಸಾಸ್ಟ್ ಫ್ಯಾನ್‌ಗೆ ಹಿಡಿದ. ಗಾಳಿ ಎಳೆಯುವ ಫ್ಯಾನ್ ಆದರೆ ಕಾಗದ ಅಂಟಿಕೊಂಡು ನಿಲ್ಲಬೇಕು. ಇದು ತೊಪ್ಪನೆ ಕೆಳಗೆ ಬಿತ್ತು. ಮೇಲೆ ಅಟ್ಟಕ್ಕೆ ಹತ್ತಿ ನೋಡಿದರೆ ಫ್ಯಾನಿನ ಕೊಳವೆ ಕಳಚಿ ಬಿದ್ದಿದೆ. ಅಷ್ಟು ವರ್ಷ ಸ್ನಾನದ ಹಬೆಯೆಲ್ಲ ಹೊರಗೆ ಹೋಗುವ ಬದಲು ಅಟ್ಟದಲ್ಲೇ ಸುಳಿದಾಡಿ, ತಣ್ಣಗಾಗಿ, ನೀರಾಗಿ ಇಳಿಯುತ್ತಿತ್ತು.

ಮನೆ ಬಾಡಿಗೆಯದು. "ಮಾಲೀಕರಿಗೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ" ಎಂದು ಮಗಳಿಗೆ ಅಳುಕು. ಗಲ್ಫ್‌ನಲ್ಲಿ ನಮಗೂ ಅದೇ ಅಳುಕಿತ್ತು, ಬಾಯಿ ಮುಚ್ಚಿಕೊಂಡು ಕ್ಲೋರಾಕ್ಸ್ ಸುರಿದುಕೊಂಡು ಇದ್ದವರು ನಾವು. ಆದರೆ ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಬೂಷ್ಟಿನಿಂದ ಆರೋಗ್ಯಕ್ಕಾಗುವ ತೊಂದರೆಗಳ ಮಾಹಿತಿಯನ್ನು ಮಾಲೀಕರೇ ಬಾಡಿಗೆದಾರರಿಗೆ ಕೊಡಬೇಕು. ಹುಡುಕಿದರೆ ಅಂಥದೊಂದು ಹಾಳೆ ಮಗಳ ಬಾಡಿಗೆ ಪತ್ರದ ಜೊತೆಗೇ ಇತ್ತು, ಓದದೆ ಇಟ್ಟಿದ್ದಳು. ಫೋಟೊ ತೆಗೆದು, ತಾರೀಕು ಹಾಕಿ, ನಾಲ್ಕು ಸಾಲು ಬರೆದು ಕಳಿಸಿದಳು. ಹತ್ತು ದಿನದಲ್ಲಿ ಕೆಲಸದವರು ಬಂದು ಕೊಳವೆ ಜೋಡಿಸಿದರು. ಮರುದಿನ ಟಿಶ್ಯೂ ಕಾಗದ ಫ್ಯಾನಿಗೆ ಅಂಟಿ ನಿಂತಾಗ ಮೊಮ್ಮಗ ಚಪ್ಪಾಳೆ ತಟ್ಟಿದ.

ಅಲ್ಲಿಂದ ಮನೆಯಲ್ಲಿ ಒಂದು ನಿಯಮವಾಯಿತು. ಸ್ನಾನ ಮಾಡಿದವರೇ ಕೈ ವೈಪರ್‌ನಿಂದ ಗೋಡೆಯ ನೀರನ್ನು ಎಳೆದು ಇಳಿಸಬೇಕು. ಒಂದು ನಿಮಿಷದ ಕೆಲಸ. ಫ್ಯಾನ್ ಇನ್ನೂ ಅರ್ಧ ಗಂಟೆ ಓಡಬೇಕು. ಪರದೆಯನ್ನು ಮುದುಡಿ ಬಿಡದೆ ಅಗಲವಾಗಿ ಹರಡಬೇಕು. ಒದ್ದೆ ಟವಲ್ ಒಳಗೆ ಇರಬಾರದು. ವಾರಕ್ಕೊಮ್ಮೆ ವಿನೆಗರ್ ಚಿಮುಕಿಸಿ ತೊಳೆಯಬೇಕು. ಮಾಪಕ ಒಂದು ಗಂಟೆಯೊಳಗೆ 55ಕ್ಕೆ ಇಳಿಯತೊಡಗಿತು. ಮಾರ್ಚ್‌ನಲ್ಲಿ ನಾವು ಹೊರಡುವವರೆಗೂ ಚುಕ್ಕೆ ಮರಳಲಿಲ್ಲ. ಮೊಮ್ಮಗನ ರಾತ್ರಿ ಕೆಮ್ಮು ಕಡಿಮೆಯಾಯಿತು. ಔಷಧಿಯೂ ನಡೆಯುತ್ತಿತ್ತು, ಆದ್ದರಿಂದ ಬಚ್ಚಲು ಒಣಗಿದ್ದರಿಂದಲೇ ವಾಸಿಯಾಯಿತು ಎಂದು ನಾವು ಹೇಳುವುದಿಲ್ಲ. ಆದರೆ ಆ ಗೋಣಿಚೀಲದ ವಾಸನೆಯನ್ನು ಮಗು ಈಗ ಉಸಿರಾಡುತ್ತಿಲ್ಲ, ಅಷ್ಟು ಸಾಕು.

ಗಲ್ಫ್‌ನಲ್ಲಿ ಕಿಟಕಿಯ ಲೆಕ್ಕ ಬೇರೆ

ಈಸ್ಟ್‌ಗೇಟ್‌ನಲ್ಲಿ ಚಳಿಗಾಲ, ಹೊರಗೆ ತುಂತುರು. ಆದರೂ ಮಗಳು ಕಿಟಕಿಯನ್ನು ಸ್ವಲ್ಪ ತೆರೆಯುತ್ತಿದ್ದಳು. ಮಳೆಯ ಗಾಳಿ ಒಳಗೆ ಬಂದರೆ ಇನ್ನೂ ತೇವವಾಗುವುದಿಲ್ಲವೇ ಎಂದು ನಾವು ಕೇಳಿದ್ದೆವು. ಇಲ್ಲ. 5 ಡಿಗ್ರಿಯ ತಣ್ಣನೆಯ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ 7 ಗ್ರಾಂ ನೀರಾವಿ ಹಿಡಿದೀತು. ಅದೇ ಗಾಳಿ ಮನೆಯೊಳಗೆ 20 ಡಿಗ್ರಿಗೆ ಬೆಚ್ಚಗಾದರೆ 17 ಗ್ರಾಂ ಹಿಡಿಯಬಲ್ಲದು. ಅಂದರೆ ಬಾಯಾರಿದ ಗಾಳಿ ಬಂದು ಬಚ್ಚಲಿನ ತೇವ ಕುಡಿಯುತ್ತದೆ.

ಗಲ್ಫ್‌ನ ಆಗಸ್ಟ್‌ನಲ್ಲಿ ಇದು ತಿರುವುಮುರುವು. ಎ.ಸಿ. ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗುವುದನ್ನು ನೀವು ದಿನಾ ನೋಡುತ್ತೀರಿ. ಹೊರಗಿನ ಬಿಸಿ ಗಾಳಿಯಲ್ಲಿ ನೀರು ತುಂಬಿಕೊಂಡಿದೆ, ತಣ್ಣನೆಯ ಗಾಜು ತಗುಲಿದ ಕೂಡಲೇ ಅದು ಹನಿಯಾಗುತ್ತದೆ. ಎ.ಸಿ.ಯಿಂದ ತಣ್ಣಗಾದ ಬಾತ್‌ರೂಮ್ ಗೋಡೆಗೂ ಆಗುವುದು ಅದೇ. ಆದ್ದರಿಂದ ಬೇಸಿಗೆಯಲ್ಲಿ ಅಲ್ಲಿ ಕಿಟಕಿ ತೆರೆದಿಟ್ಟರೆ ಬೂಷ್ಟನ್ನು ಕರೆದ ಹಾಗೆ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಎ.ಸಿ. ಕೋಣೆಯ ಒಣ ಗಾಳಿ ಒಳಗೆ ಬರುವಂತೆ ಬಾಗಿಲನ್ನು ಸ್ವಲ್ಪ ಓರೆಯಾಗಿ ಇಡಿ. ಡಿಸೆಂಬರ್, ಜನವರಿಯ ತಂಪಿನಲ್ಲಿ ಕಿಟಕಿ ತೆರೆಯಬಹುದು.

ಕ್ಯಾಂಪ್ ಮತ್ತು ಬೆಡ್‌ಸ್ಪೇಸ್‌ಗಳಲ್ಲಿ ಇನ್ನೊಂದು ಕಾರಣ ನಮ್ಮ ಕಣ್ಣೆದುರಿಗೇ ಇತ್ತು: ಒದ್ದೆ ಯೂನಿಫಾರ್ಮ್. ಎಂಟು ಜನ ರಾತ್ರಿ ಒಗೆದ ಬಟ್ಟೆಯನ್ನು ಬಾತ್‌ರೂಮಿನ ಹಗ್ಗದ ಮೇಲೆಯೇ ಹರಡುತ್ತಿದ್ದೆವು. ಆ ಬಟ್ಟೆಯ ನೀರೆಲ್ಲ ಗೋಡೆಗೇ ಹೋಗುತ್ತಿತ್ತು. ಟೆರೇಸ್, ಬಾಲ್ಕನಿ, ಎಲ್ಲಿ ಅನುಮತಿ ಇದೆಯೋ ಅಲ್ಲಿ ಒಣಗಿಸಿ. ಅದೂ ಇಲ್ಲದಿದ್ದರೆ ಬಟ್ಟೆ ಇರುವವರೆಗೆ ಫ್ಯಾನ್ ಆರಿಸಬೇಡಿ. ಫ್ಯಾನಿನ ಜಾಲರಿಗೆ ಮರುಭೂಮಿಯ ಧೂಳು ಕಟ್ಟಿಕೊಂಡಿರುತ್ತದೆ. ಸ್ವಿಚ್ ಆರಿಸಿ ತಿಂಗಳಿಗೊಮ್ಮೆ ಒರೆಸಿ, ಟಿಶ್ಯೂ ಪರೀಕ್ಷೆ ಮಾಡಿ. ಕಾಗದ ಬಿದ್ದರೆ, ಎ.ಸಿ. ನೀರು ಸೀಲಿಂಗ್‌ನಿಂದ ತೊಟ್ಟಿಕ್ಕುತ್ತಿದ್ದರೆ, ನಾತೂರ್‌ಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಫೋಟೊ ತೆಗೆದು, ತಾರೀಕು ಬರೆದು, ಕ್ಯಾಂಪ್ ಬಾಸ್‌ಗೋ ಕಟ್ಟಡದ ಆಫೀಸಿಗೋ ವಾಟ್ಸಾಪ್ ಮಾಡಿ. ಕೋಣೆ ಬಿಡುವಾಗ ಡಿಪಾಸಿಟ್ ಹಿಡಿದುಕೊಳ್ಳುವ ಮಾತು ಬಂದರೂ ಆ ಫೋಟೊ ಕೆಲಸಕ್ಕೆ ಬರುತ್ತದೆ.

ಖರ್ಚಿನ ಮಾತಿಗೆ ಬಂದರೆ ಬಕಾಲಾದಲ್ಲಿ ಸಿಗುವ ಬಿಳಿ ವಿನೆಗರ್, ಒಂದು ಡಬ್ಬಿ ಅಡುಗೆ ಸೋಡಾ, ಒಂದು ಸ್ಪ್ರೇ ಬಾಟಲಿ, ಒಂದು ಕೈ ವೈಪರ್ ಇಷ್ಟೇ. ಎಂಟು ಜನ ಹಂಚಿಕೊಂಡರೆ ಒಂದು ಚಹಾದ ದುಡ್ಡಿಗಿಂತ ಹೆಚ್ಚಾಗದು. ಖರ್ಚಿಗಿಂತ ಕಷ್ಟದ್ದು ಸರದಿ. ವಾರದ ಕೊನೆಯಲ್ಲಿ ಒಬ್ಬನೇ ಎಲ್ಲವನ್ನೂ ತೊಳೆಯಲಿ ಎಂದು ಬಿಟ್ಟರೆ ಅವನು ಬೇಗ ಮುಗಿಸಲು ಎರಡು ಬಾಟಲಿ ಒಟ್ಟಿಗೆ ಸುರಿಯುತ್ತಾನೆ. ದೇರಾದಲ್ಲಿ ಆದದ್ದು ಅದೇ. ಆ ಹುಡುಗನ ತಪ್ಪಿನಲ್ಲಿ ಉಳಿದ ಏಳು ಜನರ ಪಾಲೂ ಇತ್ತು ಎಂದು ಈಗ ನಮಗೆ ಅನ್ನಿಸುತ್ತದೆ. ಪ್ರತಿಯೊಬ್ಬರೂ ಸ್ನಾನವಾದ ಮೇಲೆ ಒಂದು ನಿಮಿಷ ವೈಪರ್ ಎಳೆದಿದ್ದರೆ ಅವನಿಗೆ ಅಷ್ಟು ಕಪ್ಪು ತಿಕ್ಕುವ ಕೆಲಸವೇ ಇರುತ್ತಿರಲಿಲ್ಲ.

ನಿಮ್ಮ ಕೋಣೆಗೆ ಊರಿಂದ ಹೊಸ ಹುಡುಗ ಬಂದಾಗ ಬಸ್ಸು ಎಲ್ಲಿ ಸಿಗುತ್ತದೆ, ಹಣ ಎಲ್ಲಿಂದ ಕಳಿಸಬೇಕು ಎಂದು ಹೇಳಿಕೊಡುತ್ತೀರಲ್ಲ, ಆಗಲೇ ಬಾತ್‌ರೂಮಿನ ಬಾಗಿಲು ತೆರೆದು ಇದನ್ನೂ ಹೇಳಿಕೊಡಿ: ಬ್ಲೀಚ್‌ಗೆ ಏನನ್ನೂ ಬೆರೆಸಬೇಡ, ಸ್ನಾನವಾದ ಮೇಲೆ ಗೋಡೆ ಒಣಗಿಸಿ ಬಾ.